ದೇವರಿಗೆ ಬಿಟ್ಟ ಮನೆ

ಬಸವಣ್ಣೆಪ್ಪನ ಕಣ್ಣು ಮಂಜಾಗಿದೆ ಎಂಬುದು ಅವನ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವರಂತೆ ಇರುವುದನ್ನೂ ಎಲ್ಲರೂ ಕಲಿತುಕೊಂಡಿದ್ದರು. ಹೆಂಡತಿ ಹೊನ್ನವ್ವ ಊಟಕ್ಕೆ ಬಡಿಸುವಾಗ ಪಲ್ಯ ಯಾವ ಕಡೆ, ಚಟ್ನಿ ಯಾವ ಕಡೆ ಎಂದು ತನ್ನಷ್ಟಕ್ಕೆ ಹೇಳಿಕೊಂಡಂತೆ ಹೇಳುತ್ತಿದ್ದಳು. ಮಗಳು ಫಕ್ಕೀರವ್ವ ಅಂಗಳದ ಕೊಡ, ಬುಟ್ಟಿ ಎಲ್ಲವನ್ನೂ ಅವನ ದಾರಿಯಿಂದ ಸರಿಸಿ ಇಡುತ್ತಿದ್ದಳು. ಆತ ಮಾತ್ರ ಎದುರಿಗೆ ಬಂದವರು ಮಾತಾಡಿದ ಮೇಲೆ, ನಿನ್ನನ್ನು ಆ ಮೂಲೆಯಲ್ಲಿದ್ದಾಗಲೇ ಕಂಡಿದ್ದೆ ಎಂದು ಹೇಳುವವನು. ಹಟವೆಂದರೆ ಹಟ. ಆ ಮನೆತನಕ್ಕೇ ಅದು ಬಂದ ಬಳುವಳಿ, ಮಗಳಿಗೂ ಪಾಲು ಬಂದಿತ್ತು.

ಕಣ್ಣಿಲ್ಲದವನು ಮನೆಯಲ್ಲಿ ಕೂತಿದ್ದರೆ ಒಂದು ಮಾತು. ಬಸವಣ್ಣೆಪ್ಪ ಊರಿನ ನೀರಿನ ಪಂಪು ನಡೆಸುತ್ತಿದ್ದ. ಸವಣೂರು ತಾಲೂಕಿನಲ್ಲಿ ವರದಾ ನದಿಯ ದಂಡೆಗಿರುವ ಆ ಊರಿಗೆ, ಹೊಳೆಯ ಬಾವಿಯಿಂದ ನೀರೆತ್ತಿ ಟಾಕಿಗೆ ಹಾಯಿಸುವ ಕೆಲಸ ಅವನದು. ಪಂಪಿನ ಮನೆಯ ಗೋಡೆಗೆ ಮೂರು ಬಲ್ಬು. ಕರೆಂಟಿನ ಮೂರು ಫೇಜಿಗೆ ಮೂರು. ಮೂರೂ ಸಮನಾಗಿ ಉರಿದರೆ ಮೋಟಾರು ಹಚ್ಚಬೇಕು. ಒಂದು ಮಂಕಾಗಿದ್ದರೂ ಹಚ್ಚಬಾರದು, ಹಚ್ಚಿದರೆ ಮೋಟಾರು ಗೊರಗುಟ್ಟಿ ಸುಟ್ಟುಹೋಗುತ್ತದೆ. ಒಂದು ಸಲ ಸುಟ್ಟರೆ ಊರಿಗೆ ತಿಂಗಳುಗಟ್ಟಲೆ ನೀರಿಲ್ಲ. ಸುಟ್ಟವನ ಹೆಸರು ಮಾತ್ರ ತಿಂಗಳಿಗೆ ಮುಗಿಯುವುದಿಲ್ಲ.

ಒಂದು ದಿನ ಅಪ್ಪನಿಗೆ ಬುತ್ತಿ ಕೊಡಲು ಹೋದ ಫಕ್ಕೀರವ್ವ ಬಾಗಿಲಲ್ಲೇ ನಿಂತು ನೋಡಿದಳು. ಬಸವಣ್ಣೆಪ್ಪ ಒಂದೊಂದೇ ಬಲ್ಬಿನ ಹತ್ತಿರ ಅಂಗೈ ಒಯ್ದು ಬಿಸಿ ನೋಡುತ್ತಿದ್ದ. ಮೂರನೆಯದು ಕೆಂಡದ ಹಾಗೆ ಕೆಂಪಗೆ, ಅರೆಜೀವವಾಗಿ ಉರಿಯುತ್ತಿತ್ತು. ಕೈಗೆ ಅದೂ ಬೆಚ್ಚಗೇ ತಾಗಿರಬೇಕು. ಆತ ಸ್ಟಾರ್ಟರಿನ ಹಿಡಿ ಎಳೆದ. ಮೋಟಾರು ಗೊರ್ ಎಂದಿತು. ಅವಳು ಓಡಿಹೋಗಿ ಹಿಡಿಯನ್ನು ಹಿಂದಕ್ಕೆ ತಳ್ಳಿದಳು. ಅಪ್ಪ, ನಿನಗೆ ಕೆಲಸ ಬರುತ್ತದೋ ಇಲ್ಲವೋ ಅಂತ ಪರೀಕ್ಷೆ ಮಾಡಿದೆ ಎಂದ. ಅವಳು ಹೂಂ ಅಂದಳು.

ಹಾನಗಲ್ಲಿನಲ್ಲಿ ವರ್ಷಕ್ಕೊಮ್ಮೆ ಕಣ್ಣಿನ ಶಿಬಿರ ನಡೆಯುತ್ತಿತ್ತು. ಪೊರೆ ತೆಗೆದು, ಪಟ್ಟಿ ಕಟ್ಟಿ, ದಪ್ಪ ಗಾಜಿನ ಚಾಳೀಸು ಕೊಟ್ಟು ಕಳಿಸುತ್ತಿದ್ದರು. ಹೋಗೋಣ ಎಂದರೆ ಬಸವಣ್ಣೆಪ್ಪ ಒಪ್ಪಲೊಲ್ಲ. ಕೆಲವು ವಾರ ಕೆಲಸ ಬಿಡಬೇಕಾಗುತ್ತದೆ; ಬಿಟ್ಟರೆ ಪಂಚಾಯ್ತಿಯವರು ಬದಲಿ ಆಳು ಹಾಕುತ್ತಾರೆ; ಹಿಂದೊಮ್ಮೆ ಜ್ವರ ಬಂದು ಮಲಗಿದಾಗ ಹಾಗೆ ಬಂದ ಬದಲಿಯವನು ಖುರ್ಚಿ ಬಿಟ್ಟು ಏಳಬೇಕಾದರೆ ಊರ ಹಿರಿಯರೆಲ್ಲ ಕೂಡಬೇಕಾಗಿತ್ತು. ಹೊನ್ನವ್ವ ಅತ್ತು ನೋಡಿದಳು, ಬೈದು ನೋಡಿದಳು.

"ಕಣ್ಣು ಹೋದ್ರ ನಾ ಒಬ್ಬಾವ ಕುಂಡ್ರತೇನಿ. ಮೋಟಾರ್ ಸುಟ್ರ ಇಡೀ ಊರು ಕೊಡ ಹೊತ್ಕೊಂಡು ಹೊಳಿಗೆ ಇಳೀತೈತಿ," ಎಂದ ಆತ.

ಆ ಮೋಟಾರನ್ನು ಸುಡುವವನು ತಾನೇ ಆಗಬಹುದು ಎಂದು ಅವನಿಗೆ ಯಾರು ಹೇಳಬೇಕು?

ಈ ಫಕ್ಕೀರವ್ವ ಯಾರು, ಏನು ಎಂಬುದನ್ನು ಇಲ್ಲಿ ಹೇಳಲೇಬೇಕು. ಅವಳು ಹುಟ್ಟಿದ್ದು ಹಿರೇಕೆರೂರು ಸೀಮೆಯ ಚಿಕ್ಕೇರೂರಿನಲ್ಲಿ. ಬಸವಣ್ಣೆಪ್ಪ ಆಗ ಕಣದಲ್ಲಿ ಕಾಳು ಅಳೆಯುವವನು. ಸುಗ್ಗಿ ಬಂತೆಂದರೆ ಯಾರ ಕಣದಲ್ಲಿ ರಾಶಿ ಬಿದ್ದರೂ ಅವನಿಗೇ ಕರೆ. ಅವನ ಕೈಯ ಸೇರು ಒಂದೇ ಹದದಲ್ಲಿ ತುಂಬುತ್ತಿತ್ತು. ಕೊಟ್ಟವನೂ ಗೊಣಗುತ್ತಿರಲಿಲ್ಲ, ಕೊಂಡವನೂ ಗೊಣಗುತ್ತಿರಲಿಲ್ಲ. ರಾಶಿಗೆ ಕೈ ಹಚ್ಚುವಾಗ ಮೊದಲ ಸೇರನ್ನು ಪಕ್ಕದ ಬಟ್ಟೆಗೆ ಸುರಿಯುತ್ತಿದ್ದ. ಅದು ದೇವರದು, ಲೆಕ್ಕಕ್ಕಿಲ್ಲ. ಆಮೇಲೆ ಒಂದು ಎನ್ನದೆ ಲಾಭ ಎಂದು ಶುರು ಮಾಡಿ ಎರಡು, ಮೂರು ಎಂದು ಹಾಡಿದ ಹಾಗೆ ಎಣಿಸುತ್ತಿದ್ದ. ಚೀಲದ ಬಾಯಿ ಹಿಡಿದು ಕೂಡುವ ಕೆಲಸ ಮಗಳದು. ಎಪ್ಪತ್ತರ ದಶಕದಲ್ಲಿ ಪೇಟೆಗೆ ತಕ್ಕಡಿ ಬಂದು ಸೇರು ಮೂಲೆಗೆ ಬಿತ್ತು, ಅಳೆಯುವವನೂ ಮೂಲೆಗೆ ಬಿದ್ದ. ಹೊನ್ನವ್ವನ ತವರಾದ ಈ ಹೊಳೆದಂಡೆಯ ಊರಿಗೆ ಬಂದು ಪಂಪಿನ ಕೆಲಸ ಹಿಡಿದ.

ಸೇರು ಬಿಟ್ಟರೂ ಸೇರಿನ ಶಿಸ್ತು ಮಗಳ ಕೈ ಬಿಡಲಿಲ್ಲ. ಶಾಲೆಯ ಪಟ್ಟಿಯಲ್ಲಿ ಮೊದಲ ಪುಟ ಖಾಲಿ. ಬಡಿದ ರೊಟ್ಟಿಯಲ್ಲಿ ಮೊದಲನೆಯದು ಆಕಳಿಗೆ. ಹುಬ್ಬಳ್ಳಿಯ ಐ.ಟಿ.ಐ.ನಲ್ಲಿ ರೇಡಿಯೋ ರಿಪೇರಿ ಕಲಿಯುವಾಗಲೂ ಸಾಲಾಗಿ ಜೋಡಿಸಿದ ಬಿಡಿಭಾಗಗಳಲ್ಲಿ ಮೊದಲನೆಯದನ್ನು ಮುಟ್ಟದೆ ಎರಡನೆಯದರಿಂದ ಶುರು ಮಾಡುತ್ತಿದ್ದಳು. ಮಾಸ್ತರರು ಗದರಿದರು, ಗೆಳತಿಯರು ನಕ್ಕರು, ಇವಳು ಬಿಡಲಿಲ್ಲ. ವರಗಳು ಬಂದರು, ಬೆರಳ ಮೇಲಿನ ಬೆಸುಗೆಯ ಸುಟ್ಟ ಕಲೆ ನೋಡಿ ಹೋದರು. ವಯಸ್ಸು ಮೂವತ್ತೈದರ ಹತ್ತಿರ ಬಂತು. ಅವಳಿಗೆ ಅದರಿಂದ ಅಂಥ ದುಃಖವೇನೂ ಆಗಲಿಲ್ಲ. ಒಲ್ಲದ ಗಂಡನಿಗೆ ಮೊಸರಿನಲ್ಲಿ ಕಲ್ಲು ಎಂಬ ಮಾತು ಹೊನ್ನವ್ವನ ಬಾಯಲ್ಲಿ ಸದಾ ಇರುತ್ತಿತ್ತು, ಅಷ್ಟೆ.

ಅವಳು ದುಡಿಯುತ್ತಿದ್ದುದು ಶಿಗ್ಗಾವಿಯಲ್ಲಿ, ಕರಬಸಪ್ಪನ ಸಣ್ಣ ಕಾರ್ಖಾನೆಯಲ್ಲಿ. ಪಂಪುಗಳಿಗೆ ಸ್ಟಾರ್ಟರು ಮಾಡುವ ಕಾರ್ಖಾನೆ. ಕರಬಸಪ್ಪ ಒಳ್ಳೆಯವನು, ಆದರೆ ಹೊಸದು ಯಾವುದು ಕಂಡರೂ ಅದು ತನ್ನ ಅಂಗಳಕ್ಕೆ ಬಂದ ಹೊರತು ನಿದ್ದೆ ಬಾರದವನು. ಎಂಬತ್ತಾರನೆಯ ಇಸವಿಯಲ್ಲಿ ಬೆಂಗಳೂರಿಗೆ ಹೋಗಿ ಬಂದವನೇ ಕಂಪ್ಯೂಟರ್ ಸ್ಟಾರ್ಟರ್ ಮಾಡುತ್ತೇನೆ ಎಂದು ಸಾರಿಬಿಟ್ಟ. ಎರಡು ಬೋರ್ಡು ತಂದಿದ್ದ. ಒಂದು ಕಲಿಯುವುದಕ್ಕೆ, ಗುಂಡಿಗಳೂ ಕೆಂಪು ಅಂಕಿಗಳೂ ಇದ್ದದ್ದು. ಇನ್ನೊಂದು ಪಂಪಿಗೆ ಕೂಡಿಸುವುದಕ್ಕೆ. ಮೂರೂ ಫೇಜು ಸರಿ ಇದೆಯೇ, ಬಾವಿಯಲ್ಲಿ ನೀರಿದೆಯೇ, ಟಾಕಿ ತುಂಬಿತೇ ಎಂದೆಲ್ಲ ನೋಡಿ ಮೋಟಾರು ಹಚ್ಚುವ, ಆರಿಸುವ ಪ್ರೋಗ್ರಾಂ ಬರೆದ ಚಿಪ್ಪನ್ನು ಪರಿಚಯದ ಒಬ್ಬ ಎಂಜಿನಿಯರನಿಂದ ಮಾಡಿಸಿಕೊಂಡು ಬಂದಿದ್ದ. ಒಂದೇ ಕೊರತೆ. ಪಂಪಿನ ಬೋರ್ಡಿನಲ್ಲಿ ಚಿಪ್ಪು ಕೂಡಿಸುವ ಒಂದು ಕುಣಿ ಖಾಲಿ ಇತ್ತು. ಅಲ್ಲಿ ಕೂಡುವ ಬೂಟ್ ಲೋಡರನ್ನು ನೀವೇ ಬರೆದುಕೊಳ್ಳಿ ಎಂದು ಎಂಜಿನಿಯರ ಹೇಳಿ ಕಳಿಸಿದ್ದ.

ಬೂಟ್ ಲೋಡರ್ ಎಂದರೆ ಹೆದರುವಂಥದ್ದೇನಲ್ಲ. ಕರೆಂಟು ಹೋದರೆ ಬೋರ್ಡು ಎಲ್ಲವನ್ನೂ ಮರೆತು ಮಲಗುತ್ತದೆ. ಕರೆಂಟು ಬಂದಾಗ ಅದನ್ನು ಎಬ್ಬಿಸಿ, ಮಾರಿ ತೊಳೆಸಿ, ದೊಡ್ಡ ಪ್ರೋಗ್ರಾಮನ್ನು ಇನ್ನೊಂದು ಚಿಪ್ಪಿನಿಂದ ಹೊತ್ತು ತಂದು ಕೆಲಸದ ಜಾಗದಲ್ಲಿಟ್ಟು, ಎಲ್ಲ ಸರಿಯಾಗಿ ಬಂತೇ ಎಂದು ಕೂಡಿಸಿ ನೋಡಿ, ಇನ್ನು ನೀನುಂಟು ನಿನ್ನ ಕೆಲಸವುಂಟು ಎಂದು ಒಪ್ಪಿಸಿ ಹೋಗುವ ಪುಟ್ಟ ಪ್ರೋಗ್ರಾಂ ಅದು. ಕರೆಂಟು ಮನಸ್ಸಿಗೆ ಬಂದಾಗ ಬಂದು ಹೋಗುವ ನಮ್ಮ ಕಡೆ ಅದಿಲ್ಲದಿದ್ದರೆ ಉಳಿದದ್ದೆಲ್ಲ ಇದ್ದೂ ಇಲ್ಲದ ಹಾಗೆ.

ಫಕ್ಕೀರವ್ವ ತಾನು ಬರೆಯುತ್ತೇನೆ ಎಂದಳು. ಒಂದು ಕರಾರು ಹಾಕಿದಳು: ಮೊದಲ ಯಂತ್ರ ತನ್ನ ಅಪ್ಪನ ಪಂಪಿನ ಮನೆಯಲ್ಲೇ ಕೂಡಬೇಕು. ಆ ಊರಿನಷ್ಟು ಕೆಟ್ಟ ಕರೆಂಟು ಎಲ್ಲಿಯೂ ಇಲ್ಲ, ಪರೀಕ್ಷೆಗೆ ಅದೇ ಒಳ್ಳೆಯದು ಎಂದು ಕರಬಸಪ್ಪನೂ ಒಪ್ಪಿದ. ಅವಳ ಒಳಗಿನ ಲೆಕ್ಕ ಬೇರೆ. ಯಂತ್ರ ನಿಂತರೆ ಬದಲಿ ಆಳು ಬೇಕಿಲ್ಲ. ಬದಲಿ ಬೇಕಿಲ್ಲದಿದ್ದರೆ ಅಪ್ಪನಿಗೆ ನೆಪವಿಲ್ಲ. ದೀಪಾವಳಿ ಮುಗಿದ ಮೇಲೆ ಶಿಬಿರ. ಅಷ್ಟರೊಳಗೆ ಆಗಬೇಕು. ಈ ವರ್ಷ ತಪ್ಪಿದರೆ ಮತ್ತೊಂದು ವರ್ಷ ಅಪ್ಪ ಅಂಗೈಯಲ್ಲಿ ಬಲ್ಬು ನೋಡಬೇಕು. ಅಷ್ಟು ದಿನ ಮೋಟಾರು ಉಳಿಯುತ್ತದೆ ಎಂಬ ನಂಬಿಕೆ ಅವಳಿಗಿರಲಿಲ್ಲ.

ಪುಸ್ತಕ ಎದುರಿಗಿಟ್ಟುಕೊಂಡು ಬರೆದಳು. ಪ್ರೊಸೆಸರಿಗೆ ಹೇಳುವ ಒಂದೊಂದು ಮಾತಿಗೂ ಒಂದೊಂದು ಸಂಕೇತ, ಒಂದೊಂದು ಸಂಕೇತ ಕೂಡಲು ಚಿಪ್ಪಿನಲ್ಲಿ ಒಂದೊಂದು ಮನೆ. ಮನೆಗಳಿಗೆ ಸೊನ್ನೆಯಿಂದ ನಂಬರು. ಕಲಿಕೆಯ ಬೋರ್ಡಿನಲ್ಲಿ ಗುಂಡಿ ಒತ್ತಿ ಒತ್ತಿ ತುಂಬಿ, ಇಂಥ ಮನೆಯಿಂದ ಶುರು ಮಾಡು ಎಂದು ನಂಬರು ಕೊಟ್ಟು ಓಡಿಸಿದರೆ, ಅದು ಹೇಳಿದ ಹಾಗೆ ಕೇಳಿತು. ಎಷ್ಟು ಸಲ ಓಡಿಸಿದರೂ ಕೇಳಿತು. ಅವಳಿಗೆ ಹಿಗ್ಗೋ ಹಿಗ್ಗು. ಬಸ್ಸು ಹಿಡಿದು ತಡಸದ ಮೇಲಿಂದ ಹುಬ್ಬಳ್ಳಿಗೆ ಹೋಗಿ, ಅಲ್ಲಿನ ಕಾಲೇಜೊಂದರ ಲ್ಯಾಬಿನಲ್ಲಿದ್ದ ಯಂತ್ರದಲ್ಲಿ ಅದನ್ನು ಚಿಪ್ಪಿನೊಳಗೆ ಸುಡಿಸಿಕೊಂಡು ಬಂದಳು. ಸುಡುವುದು ಎಂದರೆ ಕರೆಂಟು ಹೋದರೂ ಅಳಿಸಿಹೋಗದ ಹಾಗೆ ಬರೆಯುವುದು.

ಚಿಪ್ಪನ್ನು ಕುಣಿಯಲ್ಲಿ ಕೂಡಿಸಿ ಸ್ವಿಚ್ಚು ಹಾಕಿದಳು. ಕರಬಸಪ್ಪ ಊದಿನಕಡ್ಡಿ ಹಚ್ಚಿ ನಿಂತಿದ್ದ. ಬೋರ್ಡು ಎದ್ದೇ ಏಳಲಿಲ್ಲ ಎಂದಿದ್ದರೆ ಸಮಾಧಾನವಿರುತ್ತಿತ್ತು, ಅದು ಹುಚ್ಚೆದ್ದಿತು. ಮೋಟಾರು ಹಚ್ಚುವ, ಆರಿಸುವ ರಿಲೇ ಕಟಕಟ ಹಲ್ಲು ಕಡಿಯಿತು. ದೀಪಗಳು ಕಂಡಾಪಟ್ಟೆ ಮಿಣುಕಿದವು. ಆರಿಸಿ ಮತ್ತೆ ಹಾಕಿದರೂ ಅದೇ ಕುಣಿತ. ಕರಬಸಪ್ಪ ಊದಿನಕಡ್ಡಿಯನ್ನು ಮೆಲ್ಲಗೆ ಕಿಟಕಿಯ ಸಂದಿಗೆ ಸಿಕ್ಕಿಸಿ ಹೊರಗೆ ಹೋದ.

ಅವಳು ಬೆಸುಗೆ ನೋಡಿದಳು, ವೈರು ನೋಡಿದಳು. ಕಲಿಕೆಯ ಬೋರ್ಡಿನ ಮನೆ ನಂಬರು ಬೇರೆ, ಚಿಪ್ಪಿನ ಮನೆ ನಂಬರು ಬೇರೆ. ಅಲ್ಲಿಂದ ಇಲ್ಲಿಗೆ ಬದಲಾಯಿಸುವಾಗ ತಪ್ಪಾಗಿರಬೇಕೆಂದು ಪ್ರತಿಯೊಂದನ್ನೂ ಮತ್ತೆ ಲೆಕ್ಕ ಹಾಕಿದಳು. ಎಲ್ಲ ಸರಿ. ಎಲ್ಲ ಸರಿ ಇದ್ದೂ ನಡೆಯದಿದ್ದರೆ ಅದಕ್ಕಿಂತ ಕೆಟ್ಟದ್ದಿಲ್ಲ. ಚಿಪ್ಪಿನಲ್ಲಿ ಬರೆದದ್ದೇ ಕೆಟ್ಟಿರಬೇಕು, ಬೇರೆ ಚಿಪ್ಪಿಲ್ಲ, ಇದನ್ನೇ ಅಳಿಸಿ ಹೊಸದಾಗಿ ಬರೆಸು ಎಂದ ಕರಬಸಪ್ಪ. ಅಳಿಸಬೇಕೆಂದರೆ ಚಿಪ್ಪಿನ ಬೆನ್ನಿಗಿರುವ ಗಾಜಿನ ಕಿಟಕಿಗೆ ಒಂದು ವಿಶೇಷ ದೀಪದ ಬೆಳಕು ಬೀಳಬೇಕು. ಹುಬ್ಬಳ್ಳಿಗೆ ಫೋನು ಮಾಡಿದರೆ, ಆ ದೀಪ ಸುಟ್ಟಿದೆ, ಬೆಂಗಳೂರಿನಿಂದ ಬರಬೇಕು, ಯಾವಾಗ ಬರುತ್ತದೋ ಹೇಳಲಾಗದು ಎಂದರು. ಶಿಬಿರ ಮುಂದಿನ ವಾರ ಇತ್ತು.

ಬಿಸಿಲಿಗೆ ಇಟ್ಟರೂ ಅಳಿಸಿಹೋಗುತ್ತದಂತೆ ಎಂದು ಕರಬಸಪ್ಪ ಯಾರಿಂದಲೋ ಕೇಳಿ ಬಂದ. ಹೌದು, ಪುಸ್ತಕದಲ್ಲೂ ಹಾಗೇ ಇತ್ತು. ಆದರೆ ಹಪ್ಪಳದ ಹಾಗೆ ಒಂದು ದಿನಕ್ಕೆ ಆಗುವಂಥದ್ದಲ್ಲ, ವಾರದ ಮಾತು. ಅದೂ ಮೋಡ ಕವಿಯದಿದ್ದರೆ. ಫಕ್ಕೀರವ್ವನಿಗೆ ಬೇರೆ ದಾರಿ ತೋಚಲಿಲ್ಲ. ಚಿಪ್ಪನ್ನು ತಟ್ಟೆಯಲ್ಲಿಟ್ಟುಕೊಂಡು ಮಾಳಿಗೆ ಹತ್ತಲು ಹೊರಟಳು. ಅಪ್ಪನ ಹತ್ತಿರ ಈ ವರ್ಷವೂ ಬೇಡ ಬಿಡು ಎನ್ನಬೇಕಲ್ಲ ಎಂದುಕೊಂಡಳು.

ಅವಳನ್ನು ತಡೆದವಳು ನಸೀರಾ. ಸವಣೂರಿನ ಹುಡುಗಿ, ಅದೇ ಕಾರ್ಖಾನೆಯಲ್ಲಿ ಟ್ರಾನ್ಸ್‌ಫಾರ್ಮರಿಗೆ ತಂತಿ ಸುತ್ತುವವಳು. ತಂತಿ ಸುತ್ತುವವರದೊಂದು ಪದ್ಧತಿ: ಒಬ್ಬರು ಎಣಿಸಿದ ಸುತ್ತನ್ನು ಇನ್ನೊಬ್ಬರು ತಾಳೆ ನೋಡದೆ ಬಿಚ್ಚುವಂತಿಲ್ಲ, ಅದು ತಪ್ಪೇ ಇರಲಿ. ಅಳಿಸಿದ ಮೇಲೆ ಏನು ತಪ್ಪಿತ್ತು ಅಂತ ಯಾರಿಗೆ ಗೊತ್ತಾಗಬೇಕು, ಒಂದು ಸಲ ಇಬ್ಬರೂ ಕೂತು ನೋಡೋಣ ಎಂದಳು. ಫಕ್ಕೀರವ್ವನಿಗೆ ಸಿಟ್ಟೇ ಬಂತು. ಆದರೂ ಕೂತಳು.

ಚಿಪ್ಪನ್ನು ಕಲಿಕೆಯ ಬೋರ್ಡಿನ ಇನ್ನೊಂದು ಕುಣಿಯಲ್ಲಿ ಕೂಡಿಸಿ, ಒಂದೊಂದೇ ಮನೆಯೊಳಗಿನದನ್ನು ಕೆಂಪು ಅಂಕಿಗಳಲ್ಲಿ ತೋರಿಸುವಂತೆ ಮಾಡಿದರು. ನಸೀರಾ ಬೋರ್ಡು ನೋಡಿ ಓದುವುದು, ಫಕ್ಕೀರವ್ವ ತಾನು ಬರೆದ ಹಾಳೆ ನೋಡಿ ಹೂಂ ಅನ್ನುವುದು. ನಸೀರಾ ಓದಲು ಶುರು ಮಾಡುವ ಮೊದಲೇ ನಿಂತಳು.

"ಮೊದಲ್ನೇ ಮನ್ಯಾಗ ಎಫ್ ಎಫ್ ಐತಿ. ನಿನ್ನ ಹಾಳ್ಯಾಗ ಅಲ್ಲೇನೂ ಬರದೇ ಇಲ್ಲಲ್ಲ?"

"ಅದನ್ನ ಬಿಡು, ಮುಂದಿಂದ ಓದು. ಅದು ನಮ್ಮದಲ್ಲ," ಎಂದಳು ಫಕ್ಕೀರವ್ವ.

"ಮತ್ತ ಯಾರ್ದು?"

"ದೇವರ್ದು."

ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಹಾಳೆ ಕೈಯಿಂದ ಜಾರಿತು.

ಪ್ರೊಸೆಸರು ಎದ್ದ ಕೂಡಲೆ ಮೊದಲು ಹೋಗಿ ಕದ ತಟ್ಟುವುದು ಸೊನ್ನೆಯ ನಂಬರಿನ ಮನೆಯದೇ. ಅದು ಪುಸ್ತಕದ ಮೊದಲ ಪಾಠ. ಅವಳು ಓದಿದ್ದಳು, ಬೇಕಾದರೆ ನಸೀರಾಳಿಗೆ ಪಾಠ ಹೇಳುವಷ್ಟು ಓದಿದ್ದಳು. ಓದಿದ್ದು ತಲೆ, ಬರೆದದ್ದು ಕೈ. ಕೈ ತನ್ನ ರೂಢಿಯ ಪ್ರಕಾರ ಮೊದಲ ಸೇರನ್ನು ಬಟ್ಟೆಗೆ ಸುರಿದು, ಎರಡನೆಯದರಿಂದ ಲೆಕ್ಕ ಹಿಡಿದಿತ್ತು. ಕಲಿಕೆಯ ಬೋರ್ಡಿನಲ್ಲಿ ಎಲ್ಲಿಂದ ಶುರು ಮಾಡಬೇಕೆಂದು ಅವಳೇ ನಂಬರು ಕೊಡುತ್ತಿದ್ದಳು. ಎರಡನೆಯ ಮನೆಯ ನಂಬರನ್ನೇ ಕೊಡುತ್ತಿದ್ದಳು, ಹಾಗಾಗಿ ನಡೆಯುತ್ತಿತ್ತು. ಪಂಪಿನ ಬೋರ್ಡಿಗೆ ಹಾಗೆ ಹೇಳುವವರು ಯಾರು? ಅದು ನೇರ ದೇವರ ಮನೆಗೆ ನುಗ್ಗಿತ್ತು. ಖಾಲಿ ಬಿಟ್ಟ ಮನೆ ಖಾಲಿಯೂ ಅಲ್ಲ. ಚಿಪ್ಪಿನಲ್ಲಿ ಏನೂ ಬರೆಯದ ಜಾಗವೆಲ್ಲ ಎಫ್ ಎಫ್ ಎಂದೇ ಇರುತ್ತದೆ, ಎಫ್ ಎಫ್ ಎಂದರೆ ಪ್ರೊಸೆಸರಿಗೆ ದೂರದ ಇನ್ನೊಂದು ಮನೆಗೆ ಹಾರು ಎಂಬ ಅಪ್ಪಣೆ. ಪಾಪದ್ದು ಹಾರಿ, ಪ್ರೋಗ್ರಾಮಿನ ನಟ್ಟನಡುವೆ ಬಿದ್ದು, ತಲೆ ಬಾಲ ತಿಳಿಯದೆ ಬಡಬಡಿಸುತ್ತಿತ್ತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು ಅವಳ ಕಥೆ.

ಅವಳಿಗೆ ನಗು ಬಂತು, ನಗುತ್ತಲೇ ಕಣ್ಣಲ್ಲಿ ನೀರು ಬಂತು. ತಪ್ಪು ಸಿಕ್ಕಿದ್ದಕ್ಕೆ ನಗು. ಸಿಕ್ಕೂ ಉಪಯೋಗವಿಲ್ಲವಲ್ಲ ಎಂಬುದಕ್ಕೆ ಅಳು. ತಿದ್ದಬೇಕಾದರೂ ಮೊದಲು ಅಳಿಸಲೇಬೇಕಲ್ಲ? ತಟ್ಟೆಯನ್ನು ಮತ್ತೆ ಕೈಗೆತ್ತಿಕೊಂಡು ಮೆಟ್ಟಿಲು ಹತ್ತಿದಳು. ಅರ್ಧಕ್ಕೆ ಬಂದವಳು ನಿಂತುಬಿಟ್ಟಳು.

ಅಳಿಸುವುದು ಯಾಕೆ ಬೇಕು? ಸುಡುವ ಯಂತ್ರ ಮಾಡುವುದೇನು? ಒಂದು ಎಂಬ ಅಂಕಿ ಇದ್ದಲ್ಲಿ ಸೊನ್ನೆ ಮಾಡುವುದು, ಅಷ್ಟೆ. ಸೊನ್ನೆಯನ್ನು ಮತ್ತೆ ಒಂದು ಮಾಡಬೇಕಾದಾಗ ಮಾತ್ರ ಅಳಿಸುವ ದೀಪ ಬೇಕು. ದೇವರ ಮನೆಯಲ್ಲಿ ಇನ್ನೂ ಯಾರೂ ಏನೂ ಬರೆದಿಲ್ಲ, ಎಫ್ ಎಫ್ ಎಂದರೆ ಅಲ್ಲಿರುವುದು ಬರೀ ಒಂದುಗಳು. ಅವನ್ನೆಲ್ಲ ಸೊನ್ನೆ ಮಾಡಿದರೆ ಆಯಿತು. ಬರೀ ಸೊನ್ನೆ ಎಂದರೆ ಪ್ರೊಸೆಸರಿನ ಭಾಷೆಯಲ್ಲಿ, ಇಲ್ಲಿ ಏನೂ ಮಾಡಬೇಡ, ಪಕ್ಕದ ಮನೆಗೆ ನಡೆ ಎಂದರ್ಥ. ಪಕ್ಕದ ಮನೆಯಿಂದ ಅವಳ ಪ್ರೋಗ್ರಾಂ ಶುರುವಾಗುತ್ತದೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಹುಡುಕುತ್ತಿದ್ದಳು ಇಷ್ಟು ದಿನ! ಮೆಟ್ಟಿಲ ಮೇಲೆ ಅಲ್ಲೇ ಕೂತು ಉಸಿರು ಬಿಟ್ಟಳು. ಎದೆಯ ಮೇಲಿನ ಬೀಸುಕಲ್ಲು ಇಳಿಸಿದ ಹಾಗಾಯಿತು.

ಹುಬ್ಬಳ್ಳಿಗೆ ಇಬ್ಬರೂ ಹೋದರು. ಒಂದೇ ಒಂದು ಮನೆ ಸುಡುವುದು ಕಣ್ಣು ಮಿಟುಕಿಸುವಷ್ಟು ಹೊತ್ತಿನ ಕೆಲಸ. ಬಸ್ಸಿಗೆ ಕಾದದ್ದೇ ಹೆಚ್ಚು. ಹಿಂದೆ ಬರುವಾಗ ನಸೀರಾ ಕಿಟಕಿಯ ಕಡೆ ಕೂತು ಛೇಡಿಸಿದಳು, ನಿಮ್ಮ ದೇವರ ಮನೆಯೊಳಗೆ ಕಡೆಗೂ ಕೈ ಹಾಕಿಬಿಟ್ಟೆಯಲ್ಲ ಎಂದು.

"ಹಾಕೇನಿ ಏನ? ಎದ್ದು ಬಂದಾವನ್ನ ತಡೀಬ್ಯಾಡ, ಮುಂದ ಬಿಡು ಅಂತ ಬೇಡ್ಕೊಂಡೇನಿ. ದೇವರು ಅಷ್ಟ ಮಾಡಿದ್ರ ನಮಗ ಸಾಕು," ಎಂದಳು ಫಕ್ಕೀರವ್ವ.

ಶಿಬಿರಕ್ಕೆ ಎರಡು ದಿನ ಇರುವಾಗ ಬೋರ್ಡು ಪಂಪಿನ ಮನೆಯ ಗೋಡೆಗೆ ಏರಿತು. ಬಸವಣ್ಣೆಪ್ಪ ಮೂಲೆಯಲ್ಲಿ ಕೈ ಕಟ್ಟಿ ನಿಂತಿದ್ದ, ಮಗಳ ಮದುವೆಗೆ ಒಲ್ಲದ ಮನಸ್ಸಿನಿಂದ ಬಂದವನಂತೆ. ಕರೆಂಟು ಬಂತು. ಬೋರ್ಡಿನ ಪುಟ್ಟ ದೀಪ ಹತ್ತಿತು. ಒಂದು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಏನೂ ಇಲ್ಲ. ಆ ಹೊತ್ತಿನಲ್ಲಿ ಬೂಟ್ ಲೋಡರು ಎದ್ದು ಪ್ರೋಗ್ರಾಮನ್ನು ಹೊತ್ತು ತರುತ್ತಿತ್ತು. ಫಕ್ಕೀರವ್ವ ತನ್ನ ಸೆರಗಿನ ತುದಿಯನ್ನು ಹಿಂಡುತ್ತ ನಿಂತಳು. ಟಕ್ ಎಂದು ಒಂದೇ ಸದ್ದು. ಮೋಟಾರು ಸುಯ್ಯೆಂದು ಎದ್ದು, ಕೊಳವೆಯಲ್ಲಿ ನೀರು ಏರಿದ ಸಪ್ಪಳ ಕೇಳಿತು.

ಬಸವಣ್ಣೆಪ್ಪ ಅಷ್ಟಕ್ಕೆ ನಂಬುವವನಲ್ಲ. ಮೇನ್ ಎಳೆದು ಹಾಕಿದ, ಬೋರ್ಡು ಮಲಗಿತು. ಮತ್ತೆ ಕೊಟ್ಟ; ತಾನೇ ಎದ್ದು ತಾನೇ ಹಚ್ಚಿತು. ಎಷ್ಟೋ ಸಲ ಹಾಗೆ ಮಾಡಿದ. ಕಡೆಗೆ ಮೇನ್ ಆರಿಸಿ, ತಡವರಿಸುತ್ತ ಗೋಡೆ ಹಿಡಿದು ಹೋಗಿ, ಮೂರು ಫ್ಯೂಜುಗಳಲ್ಲಿ ಒಂದನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಮೇನ್ ಕೊಟ್ಟು ಕಿವಿಗೊಟ್ಟ. ಮೋಟಾರು ಹತ್ತಲಿಲ್ಲ. ಆತ ಕಾದ. ಹತ್ತಲೇ ಇಲ್ಲ. ಮೇನ್ ಆರಿಸಿ, ಫ್ಯೂಜನ್ನು ಜಾಗಕ್ಕೆ ಕೂಡಿಸಿ, ಮತ್ತೆ ಕೊಟ್ಟ ಮೇಲೆ ಟಕ್ ಎಂದಿತು. ಬಸವಣ್ಣೆಪ್ಪ ಬಲ್ಬುಗಳ ಕಡೆ ಅಂಗೈ ಎತ್ತಿದವನು ಅರ್ಧಕ್ಕೇ ಇಳಿಸಿ, ಗೋಡೆಗೊರಗಿ ಕೂತ. ಅವನ ಮೈಯೆಲ್ಲ ಸಡಿಲವಾದದ್ದು ಮಗಳಿಗೆ ಕಂಡಿತು. ಅಪ್ಪನಿಗೆ ಇಷ್ಟು ದಿನ ಎಷ್ಟು ಹೆದರಿಕೆ ಇತ್ತು ಎಂಬುದು ಅವಳಿಗೆ ಆಗ ತಿಳಿಯಿತು.

"ಆವತ್ತು ನಿನ್ನ ಪರೀಕ್ಷಾ ಮಾಡಿರಲಿಲ್ಲವ್ವಾ. ನನಗ ಕಂಡಿರಲಿಲ್ಲ," ಎಂದ. ಮತ್ತೆ ಕೇಳಿದ, "ಹಾನಗಲ್ಲ ಬಸ್ಸು ಮುಂಜಾನೆ ಐತೇನು?"

ಹಾನಗಲ್ಲಿನಲ್ಲಿ ಪೊರೆ ತೆಗೆದರು. ಪಟ್ಟಿ ಕಟ್ಟಿಕೊಂಡು ಮಲಗಿದ್ದಷ್ಟು ದಿನವೂ ಆತ ಪಂಪಿನದೇ ಕೇಳಿದ. ಊರಿನಲ್ಲಿ ಹೊನ್ನವ್ವ ಯಂತ್ರವನ್ನು ನಂಬದೆ ದಿನಾ ಹೋಗಿ ಅದರ ಎದುರಿಗೆ ಕೂತು ಶಾವಿಗೆ ಹೊಸೆಯುತ್ತಿದ್ದಳು. ಅದು ಅವಳ ಕಡೆ ನೋಡದೆ ತನ್ನ ಪಾಡಿಗೆ ಟಾಕಿ ತುಂಬಿಸುತ್ತಿತ್ತು. ಪಂಚಾಯ್ತಿಯವರು ಬದಲಿ ಆಳಿನ ಮಾತೇ ಎತ್ತಲಿಲ್ಲ.

ಗಾಯ ಮಾಗಿ ಚಾಳೀಸು ಕೊಡುವ ದಿನ ಫಕ್ಕೀರವ್ವ ಎದುರಿಗೇ ಕೂತಿದ್ದಳು. ದಪ್ಪ ಗಾಜಿನ ಹಿಂದೆ ಅಪ್ಪನ ಕಣ್ಣು ಎರಡರಷ್ಟು ದೊಡ್ಡದಾಗಿ ಕಂಡವು. ಆತ ಗೋಡೆ ನೋಡಿದ, ಕಿಟಕಿ ನೋಡಿದ, ಪಕ್ಕದ ಮಂಚದವನನ್ನು ನೋಡಿದ. ಆಮೇಲೆ ಮಗಳ ಕಡೆ ತಿರುಗಿ ನೋಡುತ್ತಲೇ ಇದ್ದ. ಕೈ ಚಾಚಿ ಅವಳ ಬೈತಲೆಯ ಪಕ್ಕದ ಕೂದಲನ್ನು ಮುಟ್ಟಿದ.

"ನಿನ್ನ ತಲಿ ಯಾವಾಗ ನರೀತು, ಫಕ್ಕೀರಿ?"

ಆ ಬಿಳಿ ಕೂದಲು ಬಂದು ಬಹಳ ವರ್ಷವಾಗಿತ್ತು. ಅಷ್ಟು ವರ್ಷದಿಂದ ಅಪ್ಪ ತನ್ನ ಮುಖ ಕಂಡಿಲ್ಲ ಎಂದು ಅವಳಿಗೆ ಈಗ ಗೊತ್ತಾಯಿತು. ಈಗೀಗ ಬಂದಾವ ಎಂದು ಅವಳು ಸುಳ್ಳು ಹೇಳಿದಳು. ಆತ ನಂಬಲಿಲ್ಲ, ಕೂದಲಿನಿಂದ ಕೈಯನ್ನೂ ತೆಗೆಯಲಿಲ್ಲ.